ಸ್ಟೇಷನ್ ಇಲ್ಲದ ಜಾಗ

ಭಾನುವಾರ, ಮಂಡಿ ಮೊಹಲ್ಲಾದ ಗುಜರಿ.
ಬಸ್ಸು ಹೊರಡಲು ಇನ್ನೂ ನಲವತ್ತು ನಿಮಿಷವಿತ್ತು.
ಮಿಕ್ಸಿ ಜಾರುಗಳು, ಹಿಡಿ ಮುರಿದ ಕುಕ್ಕರುಗಳ ನಡುವೆ
ಬೂದು ಬಣ್ಣದ್ದೊಂದು ಗೇಮಿನ ಡಬ್ಬಿ,
ಬೆನ್ನಿಗೆ ಒಂದೇ ಕ್ಯಾಟ್ರಿಜ್, ಲೇಬಲ್ಲು ಕಿತ್ತದ್ದು.
'ಆಡತ್ತಾ?' ಅಂದೆ.
'ಆಡತ್ತೋ ಹಾಡತ್ತೋ ನೀವೇ ನೋಡ್ಕೊಳಿ ಅಕ್ಕಾ'
ಎಂದ ಮುನಾವರ್, ಇನ್ನೂರೈವತ್ತು ಎಣಿಸಿಕೊಳ್ಳುತ್ತ.

ಮಂಡ್ಯ ತಲುಪಿ, ಡಿಪೋದಲ್ಲಿ ಕ್ಯಾಶು ಕಟ್ಟಿ,
ಖಾಕಿ ಕಳಚಿ, ನಾಲ್ಕು ಸೆಲ್ಲು ಹಾಕಿ ನೋಡಿದರೆ
ಹಾರುವ ಗೊಂಬೆಯಿಲ್ಲ, ಬೀಳುವ ಇಟ್ಟಿಗೆಯಿಲ್ಲ.
ಹೆಸರುಕಾಳು ನೆನೆಸಿದ ನೀರಿನಂಥ ಪರದೆಯಲ್ಲಿ
೮೭.೫ ಎಂದು ಒಂದು ಅಂಕಿ ಕೂತಿದೆ,
ಅಷ್ಟೆ.
ಬಲಕ್ಕೆ ಒತ್ತಿದರೆ ಒಂದು ಹೆಜ್ಜೆ.
ದಿನವಿಡೀ ಟಿಕೆಟ್ ಮಿಷನ್ನು ಒತ್ತುವ ಹೆಬ್ಬೆರಳಿಗೆ
ಇದೇನು ಹೊಸದೇ?
ತೂಬಿನಕೆರೆ, ಬಾಬುರಾಯನಕೊಪ್ಪಲು, ಪಟ್ಣ, ಕಳಸ್ತವಾಡಿ...
ಸ್ಟೇಜು ಎಣಿಸುತ್ತ ಹೋದೆ.
ನೂರು ದಾಟಿದ ಮೇಲೆ, ಆರರ ಹತ್ತಿರ,
ಯಾರೋ ಕೆಮ್ಮಿದ ಹಾಗಾಯಿತು.
ಮೈಸೂರು!
ಯಾದವಗಿರಿಯಿಂದ ಹೊರಟ ದನಿ
ನನ್ನ ಬಸ್ಸಿನಷ್ಟೇ ಸುಸ್ತಾಗಿ ಬಂದು ನಿಂತಿತ್ತು.

ಕ್ಯಾಟ್ರಿಜ್ಜಿನ ಏರಿಯಲ್ ಕಡ್ಡಿ ಮೊದಲೇ ಮುರಿದಿತ್ತು.
ಅಪ್ಪ, ಮೂವತ್ತೊಂದು ವರ್ಷ ಕಂಬ ಹತ್ತಿದ ಲೈನ್‌ಮನ್ ನಿಂಗಯ್ಯ,
ಉಳಿದ ನಾಲ್ಕು ಹಲ್ಲಲ್ಲೇ ವೈರು ಸುಲಿದು ಮೋಟಿಗೆ ಸುತ್ತಿ
ಇನ್ನೊಂದು ತುದಿ ಹಿಡಿದು, ಸಿಂಟೆಕ್ಸ್ ದಾಟಿ,
ತಾರಸಿಯ ಅಂಚಿಗೆ ಹೋಗಿ
ಪಡುವಲಿಗೆ ಮುಖ ಮಾಡಿ ಕೈ ಎತ್ತಿದ.
ದನಿ ನೆಟ್ಟಗಾಯಿತು.

'ಬಂತೇನವ್ವಾ?'
'ಬಂತು ಕನಪ್ಪ.'
'ಏನಂತೆ?'
'ಭತ್ತುಕ್ಕೆ ಜಿಂಕು ಹಾಕ್ಬೇಕಂತೆ.'
'ನಮ್ಗೆಲ್ಲವ್ವಾ ಗದ್ದೆ. ಮುಂದ್ಕೇಳು.'

ಮೂಗು ತುರಿಸಲು ಕೈ ಇಳಿಸಿದರೆ ಮಾತು ನುಚ್ಚು.
ಎತ್ತಿದರೆ ಮತ್ತೆ ಇಡೀ ಅಕ್ಕಿ.
ಲೈನು ಕ್ಲಿಯರ್ ತಗೊಳ್ದೆ ಮುಟ್ಬೇಡ್ರೋ ಎಂದು
ಗ್ಯಾಂಗಿನ ಹುಡುಗರಿಗೆ ಬೈದೇ ಕಲಿಸಿದವನು
ಬರಿಗೈಯಲ್ಲಿ ತಾಮ್ರ ಹಿಡಿದು
ಊರಾಚೆಯವರ ಮಾತು ನನಗೆ ದಾಟಿಸುತ್ತಿದ್ದಾನೆ.
ಅವನಿಗೆ ಮಾತ್ರ ಕೇಳದು.
ಇಯರ್‌ಫೋನು ಅಷ್ಟು ದೂರ ಎಟಕುವುದಿಲ್ಲ.

'ಈಗ ನೀ ಕೇಳು, ನಾ ಹಿಡಿತೀನಿ.'
ತಂತಿ ಕೈಗೆ ಬಂತು, ಅವನ ಬೆವರಿಗೆ ಅಂಟಂಟು.
ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ವಾಸನೆ.
ಚಾಮುಂಡಿ ಎಕ್ಸ್‌ಪ್ರೆಸ್ ಹೋಯಿತು.
ತೋಳು ನೋಯತೊಡಗಿತು. ಇವನು ಇಷ್ಟು ಹೊತ್ತು ಹೇಗೆ?
'ಏನಪ್ಪ ಬತ್ತಾ ಅದೆ?'
ಮಾತಿಲ್ಲ.
'ಅಪ್ಪೋ?'

ತಿರುಗಿ ನೋಡಿದರೆ, ಟ್ಯಾಂಕಿಗೆ ಒರಗಿ
ಸ್ವಂತ ಬೆಳಕಿಲ್ಲದ ಪರದೆಯನ್ನು
ಬೀದಿದೀಪಕ್ಕೆ ಓರೆ ಹಿಡಿದು ಕೂತಿದ್ದಾನೆ.
ತಂತಿ ಬಿಟ್ಟು ಹತ್ತಿರ ಹೋದೆ.
ಅಂಕಿ ೯೬.೨ರಲ್ಲಿತ್ತು. ಅಲ್ಲಿ ಯಾವ ಸ್ಟೇಷನ್ನೂ ಇಲ್ಲ.
ಒಂದು ಕಿವಿಯದು ಕಿತ್ತು ನನ್ನ ಕಿವಿಗಿಟ್ಟುಕೊಂಡೆ:
ಸೊರ್ರ್... ಅದರ ತಳದಲ್ಲಿ ಸಣ್ಣಗೆ ಗುಂಯ್.
'ಇಲ್ಲೇನೂ ಇಲ್ಲ ಕನಪ್ಪ, ಮುಂದಕ್ಕೊತ್ತು.'
'ಇರ್ಲಿ ಬುಡವ್ವ' ಎಂದ.
'ಮಳೆಗ್ ಮುಂಚೆ ಹನ್ನೊಂದು ಕೆವಿ ಹಿಂಗೇ ಅನ್ನೋದು.
ಕೆಳಗ್ ನಿಂತೋರ್ಗೆ ಕೇಳ್ತಿರ್ಲಿಲ್ಲ.'

ಉಳಿಸುವ ಗುಂಡಿ ಯಾವುದೆಂದು ಕೇಳಿದ. ತೋರಿಸಿದೆ.
ಯಾವ ಕಾಲದಲ್ಲೋ ಯಾರೋ ಹುಡುಗ
ನೆಗೆಯಲು, ಗುಂಡು ಹಾರಿಸಲು ಒತ್ತಿ ಒತ್ತಿ
ಅಕ್ಷರ ಅಳಿಸಿದ ಆ ಗುಂಡಿಯನ್ನು
ಅಪ್ಪ ಫ್ಯೂಸು ಕೂರಿಸುವ ಹುಷಾರಿನಲ್ಲಿ ಒತ್ತಿದ.
ಒಂದನೇ ನಂಬರಿನಲ್ಲಿ ೯೬.೨ ಉಳಿಯಿತು.
ನೂರು ಪಾಯಿಂಟ್ ಆರನ್ನು ನಾನು ಎರಡಕ್ಕೆ ಹಾಕಿಕೊಂಡೆ.

ಐದೂವರೆಯ ಷಟಲ್ ನನ್ನದೇ, ಬೇಗ ಮಲಗಿದೆ.
ರಾತ್ರಿ ಎಷ್ಟು ಹೊತ್ತಿಗೆ ಸೆಲ್ಲು ಸತ್ತವೋ ತಿಳಿಯದು.
ಬೆಳಿಗ್ಗೆ ನೀರು ಬಿಡಲು ತಾರಸಿಗೆ ಹತ್ತಿದರೆ
ಗೋಡೆಯ ಮೇಲೆ ಸಾಲಾಗಿ ನಾಲ್ಕು ಸೆಲ್ಲು,
ಇನ್ನೂ ಹುಟ್ಟದ ಬಿಸಿಲಿಗೆ ಒಣಹಾಕಿದ್ದಾನೆ.